ಬ್ಯಾಟರಿಯ ಪಂಕ್ತಿಯಲ್ಲಿ ಮ್ಯಾಗ್ನೆಟ್: 1,500 ಕೋಟಿ ಸಬ್ಸಿಡಿ ಯಾರ ಎಲೆಗೆ?

ಕೇಂದ್ರ ಸರ್ಕಾರ 1,500 ಕೋಟಿ ರೂಪಾಯಿಯ ಒಂದು ಗಂಟು ಕಟ್ಟಿಟ್ಟಿದೆ. ಗುಜರಿಯಿಂದ ಬೆಲೆಬಾಳುವ ಲೋಹ ತೆಗೆಯುವವರಿಗೆ ಕೊಡಲು. 2025ರ ಸೆಪ್ಟೆಂಬರ್ 3ರಂದು ಸಚಿವ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅಕ್ಟೋಬರ್ 2ರಂದು ಮಾರ್ಗಸೂಚಿ ಹೊರಬಿತ್ತು. ಅರ್ಜಿ ಹಾಕಲು ಆರು ತಿಂಗಳ ಗಡುವು ಕೊಟ್ಟರು. ಗಣಿ ಸಚಿವಾಲಯದ ಪರವಾಗಿ ಇದನ್ನು ನೋಡಿಕೊಳ್ಳುವುದು ನಾಗಪುರದಲ್ಲಿರುವ ಜವಾಹರಲಾಲ್ ನೆಹರು ಅಲ್ಯೂಮಿನಿಯಂ ಸಂಶೋಧನಾ ಕೇಂದ್ರ.

ಈ ಯೋಜನೆ ಬಂದ ಹೊತ್ತು ನೋಡಿ. ಆ ವರ್ಷ ಎಲ್ಲರ ಬಾಯಲ್ಲೂ ಇದ್ದಿದ್ದು ಮ್ಯಾಗ್ನೆಟ್. ಏಪ್ರಿಲ್ 4ರಂದು ಚೀನಾ ಏಳು ವಿರಳ ಲೋಹಗಳಿಗೆ (ರೇರ್ ಅರ್ತ್) ಮತ್ತು ಅವುಗಳನ್ನು ಬಳಸಿದ ಮ್ಯಾಗ್ನೆಟ್‌ಗಳಿಗೆ ರಫ್ತು ಪರವಾನಗಿಯ ಬೇಲಿ ಹಾಕಿತ್ತು. ಡಿಸ್ಪ್ರೋಸಿಯಂ, ಟರ್ಬಿಯಂ ಎರಡೂ ಆ ಪಟ್ಟಿಯಲ್ಲಿದ್ದವು. ಇವಿಲ್ಲದೆ ಬಿಸಿಯಾಗುವ ಮೋಟಾರಿನೊಳಗೆ ಮ್ಯಾಗ್ನೆಟ್ ತನ್ನ ಬಲ ಉಳಿಸಿಕೊಳ್ಳುವುದು ಕಷ್ಟ. ಎರಡು ತಿಂಗಳು ಕಳೆಯುವಷ್ಟರಲ್ಲಿ ಜಪಾನಿನಲ್ಲಿ ಸುಜುಕಿ ಸ್ವಿಫ್ಟ್ ತಯಾರಿಕೆ ಕೆಲವು ದಿನ ನಿಂತಿತು. ನಮ್ಮಲ್ಲಿ ಬಜಾಜ್ ಆಟೊ, ಎಲೆಕ್ಟ್ರಿಕ್ ಗಾಡಿಗಳ ತಯಾರಿಕೆ ಪೂರ್ತಿ ನಿಲ್ಲಬಹುದು ಎಂದು ಎಚ್ಚರಿಸಿತು. ಜಗತ್ತಿನ ವಿರಳ ಲೋಹದ ಮ್ಯಾಗ್ನೆಟ್‌ಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಜಾಸ್ತಿ ಚೀನಾದಲ್ಲೇ ತಯಾರಾಗುತ್ತವೆ. ಅಂಥ ಕಡೆ ನಲ್ಲಿ ತಿರುಗಿಸಿದರೆ ಎಲ್ಲರ ಮನೆಯಲ್ಲೂ ನೀರು ನಿಲ್ಲುತ್ತದೆ.

ಹಾಗಾಗಿ ಮರುಬಳಕೆಗೆ 1,500 ಕೋಟಿ ಎಂದ ಕೂಡಲೇ ಮ್ಯಾಗ್ನೆಟ್ ಕೆಲಸಕ್ಕೆ ಸುಗ್ಗಿ ಬಂತು ಎಂದುಕೊಳ್ಳುವುದು ಸಹಜ. ನನಗೆ ಹಾಗೆ ಕಾಣುವುದಿಲ್ಲ. ಈ ಊಟಕ್ಕೆ ಕೂತವರಲ್ಲಿ ಮ್ಯಾಗ್ನೆಟ್‌ನವರು ಒಬ್ಬರೇ ಇಲ್ಲ. ಪಕ್ಕದ ಎಲೆಯಲ್ಲಿ ಲಿಥಿಯಂ ಬ್ಯಾಟರಿಯವರು ಕೂತಿದ್ದಾರೆ. ಅದರಾಚೆ ಇ-ತ್ಯಾಜ್ಯದಿಂದ ಬೇರೆ ಲೋಹ ತೆಗೆಯುವವರು, ಹಳೇ ಕಾರಿನ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ನಿಂದ ಪ್ಲಾಟಿನಂ ಜಾತಿಯ ಲೋಹ ತೆಗೆಯುವವರು. ಬಡಿಸುವ ಕೈ ಒಂದೇ, ಸೌಟು ಒಂದೇ. ಆದರೆ ಎಲ್ಲರ ಹಸಿವೂ ಒಂದೇ ಥರದ್ದಲ್ಲ.

ದುಡ್ಡಿನ ಲೆಕ್ಕ

ಮೊದಲು ಸಬ್ಸಿಡಿ ಹೇಗೆ ಬರುತ್ತದೆ ಎಂದು ನೋಡೋಣ. ಯಂತ್ರೋಪಕರಣಕ್ಕೆ ಹಾಕಿದ ದುಡ್ಡಿನಲ್ಲಿ 20%ರಷ್ಟನ್ನು ಸರ್ಕಾರ ಕೊಡುತ್ತದೆ. ಷರತ್ತು ಏನೆಂದರೆ, ಹೇಳಿದ ಅವಧಿಯೊಳಗೆ ಉತ್ಪಾದನೆ ಶುರುವಾಗಬೇಕು. ತಡವಾದರೆ ಸಬ್ಸಿಡಿಯೂ ಇಳಿಯುತ್ತದೆ. ಇದರ ಜೊತೆ ಘಟಕ ನಡೆಸುವ ಖರ್ಚಿಗೆ ಇನ್ನೊಂದು ಸಬ್ಸಿಡಿ ಇದೆ. ಅದು ಸಿಗುವುದು ಮಾರಾಟ ಏರಿದರೆ ಮಾತ್ರ. 2025-26ನೇ ಸಾಲಿನ ಮಾರಾಟವನ್ನು ತಳ ಎಂದು ಇಟ್ಟುಕೊಂಡು ಅದರ ಮೇಲೆ ಎಷ್ಟು ಏರಿತು ಎಂದು ಅಳೆಯುತ್ತಾರೆ. 2026-27ರಿಂದ ಎಣಿಸಿ ಎರಡನೇ ವರ್ಷ 40%, ಐದನೇ ವರ್ಷ ಉಳಿದ 60%. ದೊಡ್ಡ ಕಂಪನಿಗೆ ಎಲ್ಲ ಸೇರಿ 50 ಕೋಟಿ ಮಿತಿ, ಅದರಲ್ಲಿ ನಡೆಸುವ ಖರ್ಚಿನದ್ದು 10 ಕೋಟಿ ದಾಟುವಂತಿಲ್ಲ. ಸಣ್ಣವರಿಗೆ ಮತ್ತು ಹೊಸಬರಿಗೆ 25 ಕೋಟಿ, ಅದರಲ್ಲಿ 5 ಕೋಟಿ. ಗಂಟಿನ ಮೂರನೇ ಒಂದು ಭಾಗ ಸಣ್ಣವರಿಗೆ ಮೀಸಲು. ಅದು ಒಳ್ಳೆಯ ಕೆಲಸ.

ಈಗ ಇದನ್ನು ತಿರುಗಿಸಿ ಲೆಕ್ಕ ಹಾಕಿ. ಸಣ್ಣ ಘಟಕವೊಂದು ತನ್ನ ಪಾಲಿನ 20 ಕೋಟಿ ಯಂತ್ರದ ಸಬ್ಸಿಡಿಯನ್ನು ಪೂರ್ತಿ ಪಡೆಯಬೇಕಾದರೆ ತಾನು 100 ಕೋಟಿಯ ಯಂತ್ರ ಹಾಕಬೇಕು. ದೊಡ್ಡವರು ತಮ್ಮ 40 ಕೋಟಿ ಪಡೆಯಲು 200 ಕೋಟಿ ಹಾಕಬೇಕು. ಅಂದರೆ ಇದು ಕೆಲಸ ಶುರು ಮಾಡಲು ಕೊಡುವ ದುಡ್ಡಲ್ಲ. ಕೆಲಸ ಶುರು ಮಾಡಿದ ಮೇಲೆ ಬೆನ್ನು ತಟ್ಟುವ ದುಡ್ಡು. ಎಲ್ಲರೂ ಮಿತಿಯಷ್ಟು ಪಡೆದರು ಎಂದಿಟ್ಟುಕೊಂಡರೆ 20 ದೊಡ್ಡವರು, 20 ಸಣ್ಣವರು. ಅಲ್ಲಿಗೆ ಗಂಟು ಖಾಲಿ. ಸರ್ಕಾರ ಇಟ್ಟುಕೊಂಡಿರುವ ಗುರಿ ವರ್ಷಕ್ಕೆ 2.7 ಲಕ್ಷ ಟನ್ ಮರುಬಳಕೆ ಸಾಮರ್ಥ್ಯ, ಅದರಿಂದ 40,000 ಟನ್ ಲೋಹ, ಸುಮಾರು 8,000 ಕೋಟಿ ಬಂಡವಾಳ.

ಟನ್ ಲೆಕ್ಕದಲ್ಲಿ ಗುರಿ ಇಟ್ಟಾಗ ಯಾರು ಮುಂದೆ ಹೋಗುತ್ತಾರೆ ಹೇಳಿ? ಟನ್‌ಗಟ್ಟಲೆ ಮಾಲು ಇರುವವರು. ಬ್ಯಾಟರಿ ಕೆಜಿಗಟ್ಟಲೆ ತೂಗುತ್ತದೆ. ಒಂದು ಸ್ಕೂಟರಿನಿಂದ ಇಪ್ಪತ್ತು ಕೆಜಿ ಮೀರಿದ ಬ್ಯಾಟರಿ ಇಳಿಸಬಹುದು. ಅದೇ ಸ್ಕೂಟರಿನ ಮೋಟಾರಿನಲ್ಲಿ ಮ್ಯಾಗ್ನೆಟ್ ಇರುವುದು ಗ್ರಾಂ ಲೆಕ್ಕದಲ್ಲಿ. ಹಾಗೆಂದು ಮ್ಯಾಗ್ನೆಟ್ ಕಡಿಮೆ ಮುಖ್ಯ ಎಂದಲ್ಲ. ಸಾಂಬಾರಿಗೆ ಇಂಗು ಎಷ್ಟು ಬೇಕು? ಚಿಟಿಕೆ. ಆದರೆ ಇಂಗನ್ನು ಅಕ್ಕಿಮೂಟೆಯ ತಕ್ಕಡಿಯಲ್ಲಿ ತೂಗಿದರೆ ಮುಳ್ಳೇ ಅಲ್ಲಾಡುವುದಿಲ್ಲ.

ಯೋಜನೆಯಲ್ಲಿ ಇನ್ನೊಂದು ಷರತ್ತಿದೆ. ಖನಿಜವನ್ನು ನಿಜವಾಗಿ ಬೇರ್ಪಡಿಸಿ ತೆಗೆಯುವವರಿಗೆ ಮಾತ್ರ ದುಡ್ಡು. ಬರೀ ಬ್ಯಾಟರಿ ಪುಡಿ ಮಾಡಿ 'ಬ್ಲ್ಯಾಕ್ ಮಾಸ್' ಎಂಬ ಕಪ್ಪು ಪುಡಿ ಮಾರುವವರಿಗೆ ಇಲ್ಲ. ಬ್ಯಾಟರಿಯ ಮಟ್ಟಿಗೆ ಇದು ಸರಿಯಾದ ಷರತ್ತು. ಇಲ್ಲದಿದ್ದರೆ ನಮ್ಮ ಸಬ್ಸಿಡಿಯಲ್ಲಿ ಪುಡಿ ಮಾಡಿ ಹೊರದೇಶಕ್ಕೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಬರೆದವರ ಮನಸ್ಸಿನಲ್ಲಿ ಬ್ಯಾಟರಿ ಕೂತಿತ್ತು ಎಂಬುದಕ್ಕೂ ಇದೇ ಸಾಕ್ಷಿ. ಯಾಕೆಂದರೆ ಮ್ಯಾಗ್ನೆಟ್ ಮರುಬಳಕೆಗೆ ಎರಡು ದಾರಿಗಳಿವೆ. ಒಂದು ಉದ್ದದ ದಾರಿ. ಮ್ಯಾಗ್ನೆಟ್ಟನ್ನು ಆ್ಯಸಿಡ್‌ನಲ್ಲಿ ಕರಗಿಸಿ, ಅದರಲ್ಲಿರುವ ನಿಯೋಡಿಮಿಯಂ, ಪ್ರೆಸಿಯೋಡಿಮಿಯಂ, ಡಿಸ್ಪ್ರೋಸಿಯಂ ಎಂಬ ವಿರಳ ಲೋಹಗಳನ್ನು ಒಂದೊಂದಾಗಿ ಬೇರೆ ಮಾಡಿ, ಆಕ್ಸೈಡ್ ಪುಡಿಯಾಗಿ ತೆಗೆಯುವುದು. ಇನ್ನೊಂದು ಗಿಡ್ಡ ದಾರಿ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಬೆಳೆದ ವಿಧಾನ ಇದು. ಮ್ಯಾಗ್ನೆಟ್ ಇರುವ ಭಾಗವನ್ನು ಹೈಡ್ರೋಜನ್ ಅನಿಲದಲ್ಲಿ ಇಡುತ್ತಾರೆ. ಮ್ಯಾಗ್ನೆಟ್ ಹೈಡ್ರೋಜನ್ ಹೀರಿ ಉಬ್ಬಿ, ತಾನಾಗಿ ಪುಡಿಪುಡಿಯಾಗಿ ಉದುರುತ್ತದೆ. ಮೇಲಿನ ನಿಕ್ಕಲ್ ಲೇಪ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ. ಆ ಪುಡಿಯಿಂದ ನೇರವಾಗಿ ಹೊಸ ಮ್ಯಾಗ್ನೆಟ್. ಆ್ಯಸಿಡ್ ಇಲ್ಲ, ಕರೆಂಟ್ ಖರ್ಚೂ ಕಡಿಮೆ. ಆದರೆ ಇಲ್ಲಿ ಯಾವ ಖನಿಜವನ್ನೂ 'ಬೇರ್ಪಡಿಸಿ ತೆಗೆದ' ಹಾಗಾಗಲಿಲ್ಲ. ಹಾಗಾದರೆ ಇದು ಯೋಜನೆಯ ಒಳಗೋ ಹೊರಗೋ? ಅರ್ಜಿ ಹಾಕುವವನ ಎದೆ ಢವಗುಟ್ಟುವ ಜಾಗ ಇದು.

ಬಿಚ್ಚುವವರು ಯಾರು?

ನನ್ನ ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನು ಒಮ್ಮೆ ಬಿಚ್ಚಿದ್ದೆ. ನಕ್ಷತ್ರದ ತಲೆಯ ತಿರುಪುಗಳು. ಮನೆಯಲ್ಲಿದ್ದ ಸ್ಕ್ರೂಡ್ರೈವರ್ ಯಾವುದೂ ಕೂರಲಿಲ್ಲ. ಎರವಲು ತಂದು ಬಿಚ್ಚಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಒಳಗೆ ಬಾಗಿದ ಎರಡು ತುಂಡು ಸಿಕ್ಕವು, ಬೆರಳಿನಷ್ಟು ಉದ್ದ, ಬೆಳ್ಳಿಯಂತೆ ಹೊಳೆಯುತ್ತಿದ್ದವು. ಒಂದಕ್ಕೊಂದು ಹತ್ತಿರ ತಂದಾಗ ಪಟ್ಟನೆ ಅಂಟಿ ಬೆರಳಿನ ಚರ್ಮ ಕಚ್ಚಿತು. ಈಗಲೂ ಫ್ರಿಜ್ ಮೇಲೆ ಹಾಲಿನ ಬಿಲ್ ಹಿಡಿದುಕೊಂಡಿವೆ.

ಇಂಥ ಮ್ಯಾಗ್ನೆಟ್‌ನಲ್ಲಿ ಹೆಚ್ಚಿನದು ಕಬ್ಬಿಣವೇ. ವಿರಳ ಲೋಹ ಸುಮಾರು 30%, ಬೋರಾನ್ 1%ರ ಆಸುಪಾಸು. ಸಾಮಾನ್ಯ ಹಾರ್ಡ್‌ಡಿಸ್ಕಿನಲ್ಲಿ 10ರಿಂದ 20 ಗ್ರಾಂ ಮ್ಯಾಗ್ನೆಟ್ ಇರುತ್ತದೆ. 15 ಗ್ರಾಂ ಎಂದು ಹಿಡಿಯೋಣ. ಒಂದು ಟನ್ ಮ್ಯಾಗ್ನೆಟ್ ಬೇಕೆಂದರೆ 66,000 ಹಾರ್ಡ್‌ಡಿಸ್ಕ್ ಬಿಚ್ಚಬೇಕು. ಒಂದರಿಂದ ಸಿಗುವ ಆಕ್ಸೈಡ್ ಐದು ಗ್ರಾಂ ಚಿಲ್ಲರೆ. 2025ರ ಮಧ್ಯದಲ್ಲಿ ನಿಯೋಡಿಮಿಯಂ-ಪ್ರೆಸಿಯೋಡಿಮಿಯಂ ಆಕ್ಸೈಡ್‌ಗೆ ಕೆಜಿಗೆ ಹೆಚ್ಚುಕಮ್ಮಿ 60 ಡಾಲರ್ ಇತ್ತು. ಆ ಬೆಲೆಯಲ್ಲಿ ಒಂದು ಹಾರ್ಡ್‌ಡಿಸ್ಕಿನ ಒಳಗಿರುವ ವಿರಳ ಲೋಹದ ಬೆಲೆ 25ರಿಂದ 30 ರೂಪಾಯಿ. ಅದೂ ಒಂದು ಗ್ರಾಂ ಕೂಡ ಪೋಲಾಗದಿದ್ದರೆ. ಬಿಚ್ಚುವ ಕೂಲಿ, ಆ್ಯಸಿಡ್, ಕರೆಂಟು, ಸಾಗಾಟ ಎಲ್ಲ ಇದರೊಳಗೇ ಮುಗಿಯಬೇಕು.

ಈ ಕಷ್ಟ ಹೊಸದಲ್ಲ. 2010ರಲ್ಲಿ ಚೀನಾ-ಜಪಾನ್ ನಡುವೆ ದ್ವೀಪದ ಜಗಳವಾಗಿ ವಿರಳ ಲೋಹದ ಸಾಗಾಟ ನಿಂತಾಗ ಜಪಾನಿನ ಹಿಟಾಚಿ ಕಂಪನಿ ಹಾರ್ಡ್‌ಡಿಸ್ಕ್ ಬಿಚ್ಚುವ ಯಂತ್ರ ಮಾಡಿತು. ಕೈಯಲ್ಲಿ ಒಬ್ಬ ಗಂಟೆಗೆ 12 ಮ್ಯಾಗ್ನೆಟ್ ತೆಗೆದರೆ ಯಂತ್ರ 100 ತೆಗೆಯುತ್ತದೆ ಎಂದು ಆ ಕಂಪನಿಯೇ ಹೇಳಿತ್ತು.

ನಮ್ಮಲ್ಲಿ ಆಗುವುದು ಬೇರೆ. ಗುಜರಿ ಅಂಗಡಿಯವನಿಗೆ ಹಾರ್ಡ್‌ಡಿಸ್ಕ್ ಎಂದರೆ ಅಲ್ಯೂಮಿನಿಯಂ ಮತ್ತು ಸರ್ಕ್ಯೂಟ್ ಬೋರ್ಡ್. ಮೋಟಾರ್ ಎಂದರೆ ತಾಮ್ರ. ಮ್ಯಾಗ್ನೆಟ್ ಎಂದರೆ ತಕ್ಕಡಿಗೆ ಅಂಟಿಕೊಂಡು ಕಾಟ ಕೊಡುವ ವಸ್ತು. ಅವನ ತಪ್ಪಲ್ಲ, ಅವನಿಗೆ ಅದರ ಬೆಲೆ ಯಾರೂ ಕೊಟ್ಟಿಲ್ಲ. ದೊಡ್ಡ ಘಟಕಗಳಲ್ಲಿ ಎಲ್ಲವನ್ನೂ ಯಂತ್ರಕ್ಕೆ ಹಾಕಿ ಚೂರು ಮಾಡಿದರೆ ಮ್ಯಾಗ್ನೆಟ್ ಪುಡಿ ಕಬ್ಬಿಣಕ್ಕೆ ಅಂಟಿಕೊಂಡು ಉಕ್ಕಿನ ಕುಲುಮೆಗೆ ಹೋಗುತ್ತದೆ. ಅಲ್ಲಿ ನಿಯೋಡಿಮಿಯಂ ಕಿಟ್ಟದ ಪಾಲು. ಮತ್ತೆ ಕೈಗೆ ಸಿಗುವುದಿಲ್ಲ.

ಇಲ್ಲೇ ನನಗೆ ಯೋಜನೆಯ ಬಗ್ಗೆ ತಕರಾರು ಇರುವುದು. ಮ್ಯಾಗ್ನೆಟ್ ಮರುಬಳಕೆಯಲ್ಲಿ ಅತಿ ಕಷ್ಟದ ಕೆಲಸ ರಸಾಯನಶಾಸ್ತ್ರವಲ್ಲ. ಆಯುವುದು, ಗುರುತಿಸುವುದು, ಬಿಚ್ಚುವುದು. ಯಾವ ಮೋಟಾರಿನಲ್ಲಿ ವಿರಳ ಲೋಹದ ಮ್ಯಾಗ್ನೆಟ್ ಇದೆ, ಯಾವುದರಲ್ಲಿ ವಿರಳ ಲೋಹವಿಲ್ಲದ ಅಗ್ಗದ ಫೆರೈಟ್ ಮ್ಯಾಗ್ನೆಟ್ ಇದೆ ಎಂದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಸಬ್ಸಿಡಿ ಇರುವುದು ಕೊನೆಯ ಘಟಕದ ಯಂತ್ರಕ್ಕೆ. ಬೆಂಗಳೂರಿನ ಗೌರಿಪಾಳ್ಯದಲ್ಲೋ ದೆಹಲಿಯ ಸೀಲಂಪುರದಲ್ಲೋ ಕೂತು ಬಿಚ್ಚುವ ಕೈಗೆ ಇದರಿಂದ ನೇರವಾಗಿ ಏನೂ ಬರುವುದಿಲ್ಲ. ಗಿರಣಿಗೆ ದುಡ್ಡು ಕೊಟ್ಟು ಭತ್ತ ಬೆಳೆಯುವವನನ್ನು ಮರೆತ ಹಾಗೆ.

ಇ-ತ್ಯಾಜ್ಯದ ವಿಷಯದಲ್ಲಿ ಬೆಂಗಳೂರಿನ ಸುತ್ತಮುತ್ತ ಹಳೇ ಅನುಭವವಿದೆ. ದೇಶದಲ್ಲಿ ಅಧಿಕೃತ ಪರವಾನಗಿಯೊಂದಿಗೆ ಮೊದಲು ಶುರುವಾದ ಇ-ತ್ಯಾಜ್ಯ ಘಟಕ ಡಾಬಸ್‌ಪೇಟೆಯ ಇ-ಪರಿಸರ, 2005ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಉದ್ಯಮ ಕಲಿತ ಪಾಠ ಒಂದೇ. ಯಂತ್ರ ತರುವುದು ಸುಲಭ, ಅದಕ್ಕೆ ದಿನಾ ಮೇವು ಹಾಕುವುದು ಕಷ್ಟ.

ಒಂದೇ ದುಡ್ಡು, ಬೇರೆ ಬೇರೆ ಕಾನೂನು

ಬ್ಯಾಟರಿಯವರು ಈ ಓಟದಲ್ಲಿ ಮುಂದಿರುವುದು ತೂಕದಿಂದ ಮಾತ್ರ ಅಲ್ಲ. ಅವರ ಬೆನ್ನಿಗೆ ಕಾನೂನಿದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಎರಡು ಕೆಲಸ ಮಾಡಿತು. ಒಂದು, ಸತ್ತ ಬ್ಯಾಟರಿಯಿಂದ ಇಂತಿಷ್ಟು ವಸ್ತು ವಾಪಸ್ ತೆಗೆಯಲೇಬೇಕು ಎಂದಿತು. 2026-27ರಿಂದ ಅದು 90%. ಎರಡು, ಹೊಸ ಬ್ಯಾಟರಿ ಮಾಡುವವರು ಮರುಬಳಕೆಯ ವಸ್ತುವನ್ನು ಬೆರೆಸಲೇಬೇಕು ಎಂದಿತು. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿಗೆ 2027-28ರಲ್ಲಿ 5%, 2030-31ಕ್ಕೆ 20%. ಅಂದರೆ ಮಾಲು ಬರುವ ಬಾಗಿಲನ್ನೂ ಮಾಲು ಹೋಗುವ ಬಾಗಿಲನ್ನೂ ಸರ್ಕಾರವೇ ತೆರೆದಿಟ್ಟಿದೆ. ಅದರ ಮೇಲೆ ಸಬ್ಸಿಡಿ ಬಂದರೆ ಬಿಸಿಬೇಳೆ ಭಾತ್ ಮೇಲೆ ತುಪ್ಪ.

ಮ್ಯಾಗ್ನೆಟ್‌ಗೆ? 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಲ್ಲಿ ಟಿವಿ, ಕಂಪ್ಯೂಟರ್ ಮಾಡುವ ಕಂಪನಿಗಳು ಮರುಬಳಕೆ ಮಾಡುವವರಿಂದ ಸರ್ಟಿಫಿಕೇಟ್ ಕೊಳ್ಳಬೇಕು. ಗುರಿ 60%ರಿಂದ ಶುರುವಾಗಿ 70%, ಆಮೇಲೆ 80%. ಕೇಳಲು ಚೆನ್ನಾಗಿದೆ. ಆದರೆ ಆ ಸರ್ಟಿಫಿಕೇಟ್ ಹುಟ್ಟುವುದು ಯಾವುದರಿಂದ? ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಈ ನಾಲ್ಕರ ಲೆಕ್ಕದಲ್ಲಿ. ನಿಯೋಡಿಮಿಯಂ ತೆಗೆದವನಿಗೆ ಆ ಲೆಕ್ಕದಲ್ಲಿ ಅಂಕವಿಲ್ಲ. ಮ್ಯಾಗ್ನೆಟ್ಟನ್ನು ಕಬ್ಬಿಣದ ಜೊತೆ ಕುಲುಮೆಗೆ ಕಳಿಸಿದರೆ ಕಬ್ಬಿಣದ ಅಂಕವಾದರೂ ಸಿಗುತ್ತದೆ. ಬಿಚ್ಚಿ ಬೇರೆ ಇಟ್ಟರೆ ಕೂಲಿ ದಂಡ.

ಗಣಿ ಸಚಿವಾಲಯ ಒಂದು ಕಡೆ 'ತೆಗೆಯಿರಿ, ದುಡ್ಡು ಕೊಡುತ್ತೇವೆ' ಎನ್ನುತ್ತದೆ. ಪರಿಸರ ಸಚಿವಾಲಯದ ನಿಯಮ ಇನ್ನೊಂದು ಕಡೆ 'ಅದನ್ನು ತೆಗೆಯದಿದ್ದರೂ ನಡೆಯುತ್ತದೆ' ಎನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. 2023-24ರಲ್ಲಿ ದೇಶದಲ್ಲಿ ಹುಟ್ಟಿದ ಇ-ತ್ಯಾಜ್ಯ 17.51 ಲಕ್ಷ ಟನ್ ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಮೇವು ಇಲ್ಲ ಎಂದಲ್ಲ. ಅದು ಹುಲ್ಲಿನ ಬಣವೆಯಲ್ಲಿ ಸೂಜಿಯ ಹಾಗೆ ಬಿದ್ದಿದೆ, ಅದನ್ನು ಹುಡುಕುವವನಿಗೆ ಕೂಲಿ ಇಲ್ಲ.

ಹೊರಗಿನಿಂದ ಗುಜರಿ ತರಬಹುದಲ್ವಾ ಎಂದು ನೀವು ಕೇಳಬಹುದು. ಆ ಬಾಗಿಲೂ ಸಣ್ಣದಾಗುತ್ತಿದೆ. ತ್ಯಾಜ್ಯವನ್ನು ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಲಗಾಮು ಹಾಕುವ ಬಾಸೆಲ್ ಒಪ್ಪಂದದ ತಿದ್ದುಪಡಿಯಿಂದ 2025ರ ಜನವರಿ 1ರ ನಂತರ ಯಾವುದೇ ಇ-ತ್ಯಾಜ್ಯ ಗಡಿ ದಾಟಲು ತರಿಸಿಕೊಳ್ಳುವ ದೇಶದ ಮತ್ತು ದಾರಿಯಲ್ಲಿ ಸಿಗುವ ದೇಶಗಳ ಮುಂಚಿತ ಒಪ್ಪಿಗೆ ಬೇಕು. ಮ್ಯಾಗ್ನೆಟ್ ಗುಜರಿ ತಮ್ಮಲ್ಲೇ ಉಳಿಯುವಂತೆ ರಫ್ತಿಗೆ ಕಡಿವಾಣ ಹಾಕುವುದಾಗಿ ಯುರೋಪ್ 2025ರ ಡಿಸೆಂಬರ್‌ನಲ್ಲಿ ಹೇಳಿದೆ. ಅವರಿಗೂ ಅದು ಗುಜರಿಯಾಗಿ ಕಾಣುತ್ತಿಲ್ಲ, ಗಣಿಯಾಗಿ ಕಾಣುತ್ತಿದೆ.

ಹಾಗಾದರೆ ಮ್ಯಾಗ್ನೆಟ್‌ನವರು ಅರ್ಜಿಯನ್ನೇ ಹಾಕಬಾರದೇ? ಹಾಕಬೇಕು. ಆದರೆ ಒಂಟಿ ಕಾಲಲ್ಲಿ ನಿಲ್ಲಬಾರದು. ಉತ್ತರಾಖಂಡದ ರೂರ್ಕಿಯಲ್ಲಿ ಘಟಕವಿರುವ ಅಟೆರೊ ಕಂಪನಿ 2025ರಲ್ಲಿ 100 ಕೋಟಿ ಹೂಡಿ ವಿರಳ ಲೋಹದ ಮರುಬಳಕೆ ಸಾಮರ್ಥ್ಯವನ್ನು ವರ್ಷಕ್ಕೆ 300 ಟನ್‌ನಿಂದ 30,000 ಟನ್‌ಗೆ ಏರಿಸುತ್ತೇವೆ ಎಂದಿತು. ಅಷ್ಟು ಗುಜರಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ನನಗೂ ಇದೆ. ಆದರೆ ಅವರಿಗೆ ಬ್ಯಾಟರಿ ಮತ್ತು ಇ-ತ್ಯಾಜ್ಯದ ವ್ಯಾಪಾರ ಮೊದಲೇ ಇದೆ. ಮ್ಯಾಗ್ನೆಟ್ ಕೈಕೊಟ್ಟರೂ ಮನೆ ನಡೆಯುತ್ತದೆ. ಮ್ಯಾಗ್ನೆಟ್ ಒಂದನ್ನೇ ನಂಬಿದ ಸ್ಟಾರ್ಟಪ್‌ಗೆ ಆ ಸೌಕರ್ಯವಿಲ್ಲ. ಎರಡನೇ ವರ್ಷಕ್ಕೆ ಮಾರಾಟ ಏರಿಸಿ ತೋರಿಸದಿದ್ದರೆ ನಡೆಸುವ ಖರ್ಚಿನ ಸಬ್ಸಿಡಿ ಜಾರಿ ಹೋಗುತ್ತದೆ.

ಕೊಳ್ಳುವವರು ಬರುವುದು ಯಾವಾಗ?

ಮಾರಾಟ ಎಂದೆ. ಯಾರಿಗೆ ಮಾರುವುದು? ನಿಯೋಡಿಮಿಯಂ ಆಕ್ಸೈಡ್ ತಯಾರಿಸಿದೆ ಎಂದುಕೊಳ್ಳಿ. ಅದನ್ನು ಲೋಹ ಮಾಡಬೇಕು, ಲೋಹವನ್ನು ಮಿಶ್ರಲೋಹ ಮಾಡಬೇಕು, ಅದನ್ನು ಪುಡಿ ಮಾಡಿ ಒತ್ತಿ ಸುಟ್ಟು ಮ್ಯಾಗ್ನೆಟ್ ಮಾಡಬೇಕು. ಈ ನಡುವಿನ ಮೆಟ್ಟಿಲುಗಳು ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಇರಲಿಲ್ಲ. ಅದನ್ನು ಕಟ್ಟಲು 2025ರ ನವೆಂಬರ್ 26ರಂದು ಸಂಪುಟ ಇನ್ನೊಂದು ಗಂಟು ಬಿಚ್ಚಿತು. 7,280 ಕೋಟಿ. ಇದರಲ್ಲಿ 6,450 ಕೋಟಿ ಮಾರಾಟ ಆಧರಿಸಿದ ಪ್ರೋತ್ಸಾಹಧನ, 750 ಕೋಟಿ ಬಂಡವಾಳ ಸಬ್ಸಿಡಿ. ಜಾಗತಿಕ ಟೆಂಡರ್ ಕರೆದು ಐದು ಕಂಪನಿಗಳನ್ನು ಆರಿಸಿ, ಒಬ್ಬೊಬ್ಬರಿಗೆ 1,200 ಟನ್‌ವರೆಗೆ, ಒಟ್ಟು ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ತಯಾರಿಕೆ. ಕಾರ್ಖಾನೆ ಕಟ್ಟಲು ಎರಡು ವರ್ಷ, ಆಮೇಲೆ ಐದು ವರ್ಷ ಪ್ರೋತ್ಸಾಹ.

ಮರುಬಳಕೆಯವರಿಗೆ ಇದು ಒಳ್ಳೆಯ ಸುದ್ದಿ. 6,000 ಟನ್ ಮ್ಯಾಗ್ನೆಟ್‌ಗೆ ಕಡಿಮೆ ಅಂದರೂ 1,800 ಟನ್ ವಿರಳ ಲೋಹ ಬೇಕು. ನಮ್ಮ ಸರ್ಕಾರಿ ಕಂಪನಿ ಐಆರ್‌ಇಎಲ್ ಕರಾವಳಿಯ ಮರಳಿನಿಂದ ತೆಗೆಯುವುದು ಅದರ ಒಂದು ಪಾಲು ಮಾತ್ರ. ಮೇಲಾಗಿ ನಮ್ಮ ಮೊನಜೈಟ್ ಮರಳಿನಲ್ಲಿ ಡಿಸ್ಪ್ರೋಸಿಯಂನಂಥ ಭಾರದ ವಿರಳ ಲೋಹ ತೆಗೆಯುವಷ್ಟು ಇಲ್ಲ. ಆದರೆ ಹಳೇ ಮೋಟಾರಿನ ಮ್ಯಾಗ್ನೆಟ್‌ನಲ್ಲಿ ಅದು ಇದೆ. ಚೀನಾದ ಗಣಿಯಿಂದ ಬಂದ ಡಿಸ್ಪ್ರೋಸಿಯಂ ನಮ್ಮ ಗುಜರಿಯಲ್ಲಿ ಸುಮ್ನೆ ಬಿದ್ದಿದೆ. ಮರುಬಳಕೆಯ ಪರವಾಗಿ ಒಂದೇ ವಾದ ಮಂಡಿಸಬೇಕೆಂದರೆ ನಾನು ಇದನ್ನೇ ಮಂಡಿಸುತ್ತೇನೆ. ಸಬ್ಸಿಡಿ ಅರ್ಜಿಯಲ್ಲೂ ಟನ್ ಲೆಕ್ಕಕ್ಕಿಂತ ಇದು ಮೊದಲು ಬರಬೇಕು.

ತೊಂದರೆ ಇರುವುದು ದಿನಾಂಕಗಳಲ್ಲಿ. ಮರುಬಳಕೆಯವನ ಮಾರಾಟವನ್ನು 2026-27ರಿಂದ ಅಳೆಯುತ್ತಾರೆ. ಅವನ ಮಾಲು ಕೊಳ್ಳಬೇಕಾದ ಮ್ಯಾಗ್ನೆಟ್ ಕಾರ್ಖಾನೆ ಟೆಂಡರ್ ಗೆದ್ದು ಎರಡು ವರ್ಷ ಕಳೆದ ಮೇಲೆ ಓಡುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ನಡುವಿನ ಕಾಲದಲ್ಲಿ ಆಕ್ಸೈಡ್ ಹೊರದೇಶಕ್ಕೆ ಹೋಗಬೇಕು, ಚೀನಾದ ಬೆಲೆಯ ಎದುರು ನಿಲ್ಲಬೇಕು.

ಇದಕ್ಕೆ ಒಂದು ಉಪಾಯವಿದೆ. ಮ್ಯಾಗ್ನೆಟ್ ಮಾಡುವಾಗ ಕತ್ತರಿಸಿ ಉಜ್ಜುವಲ್ಲಿ ಹೆಚ್ಚುಕಮ್ಮಿ ಕಾಲು ಭಾಗದಷ್ಟು ಮಾಲು ಪುಡಿಯಾಗಿ ಉದುರುತ್ತದೆ. ಚೀನಾದಲ್ಲಿ ಮರುಬಳಕೆ ಎನ್ನುವುದರಲ್ಲಿ ದೊಡ್ಡ ಪಾಲು ಈ ಕಾರ್ಖಾನೆ ಪುಡಿಯದೇ. ಬಿಚ್ಚುವ ಗೋಳಿಲ್ಲ, ಒಳಗೆ ಏನಿದೆ ಎಂದು ಮೊದಲೇ ಗೊತ್ತು. ನಮ್ಮ ಐದು ಕಾರ್ಖಾನೆ ಓಡಿದರೆ ಇಂಥ ಪುಡಿ ಸಾವಿರ ಟನ್ ದಾಟಬಹುದು. ಹಾಗಾಗಿ 1,500 ಕೋಟಿಗೆ ಅರ್ಜಿ ಹಾಕುವ ಜಾಣ ಮೊದಲು 7,280 ಕೋಟಿಗೆ ಟೆಂಡರ್ ಹಾಕುವವನ ಮನೆ ಬಾಗಿಲು ತಟ್ಟುತ್ತಾನೆ. ನಿನ್ನ ಪುಡಿ ನನಗೆ, ನನ್ನ ಆಕ್ಸೈಡ್ ನಿನಗೆ ಎಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ಬ್ಯಾಂಕಿನವರಿಗೂ ಸಬ್ಸಿಡಿ ಪತ್ರಕ್ಕಿಂತ ಆ ಒಪ್ಪಂದದ ಕಾಗದವೇ ಜಾಸ್ತಿ ಇಷ್ಟವಾಗುತ್ತದೆ.

ಬೆಲೆಯ ವಿಷಯ ಬಂದಾಗ ಅಮೆರಿಕ ಮಾಡಿದ್ದನ್ನು ಹೇಳಲೇಬೇಕು. 2025ರ ಜುಲೈನಲ್ಲಿ ಅಲ್ಲಿನ ರಕ್ಷಣಾ ಇಲಾಖೆ ವಿರಳ ಲೋಹದ ಗಣಿ ನಡೆಸುವ ಎಂಪಿ ಮೆಟೀರಿಯಲ್ಸ್ ಎಂಬ ಕಂಪನಿಯಲ್ಲಿ 40 ಕೋಟಿ ಡಾಲರ್ ಹೂಡಿತು. ಅದಕ್ಕಿಂತ ದೊಡ್ಡದು ಅದರ ಜೊತೆ ಕೊಟ್ಟ ಮಾತು. ನಿಯೋಡಿಮಿಯಂ-ಪ್ರೆಸಿಯೋಡಿಮಿಯಂಗೆ ಕೆಜಿಗೆ 110 ಡಾಲರ್ ಬೆಂಬಲ ಬೆಲೆ, ಹತ್ತು ವರ್ಷ. ಮಾರುಕಟ್ಟೆ ಬೆಲೆ ಇಳಿದರೆ ವ್ಯತ್ಯಾಸ ಸರ್ಕಾರ ತುಂಬುತ್ತದೆ. ನಮ್ಮ ರೈತರಿಗೆ ಗೊತ್ತಿರುವ ಎಂಎಸ್‌ಪಿ ಇದ್ದಂತೆಯೇ. ಕೆಲವೇ ದಿನಗಳಲ್ಲಿ ಆ್ಯಪಲ್ ಅದೇ ಕಂಪನಿಯೊಂದಿಗೆ ಮರುಬಳಕೆಯ ಮ್ಯಾಗ್ನೆಟ್‌ಗಾಗಿ 50 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ನಮ್ಮ ಹಾರ್ಡ್‌ಡಿಸ್ಕ್ ಲೆಕ್ಕಕ್ಕೆ ಈ ಬೆಲೆ ಹಾಕಿ ನೋಡಿ. 25-30 ರೂಪಾಯಿ ಇದ್ದದ್ದು 50ರ ಹತ್ತಿರ ಹೋಗುತ್ತದೆ. ಬಿಚ್ಚುವವನ ಕೈ ಆಡಲು ಶುರುವಾಗುವುದು ಆಗ. ಅಮೆರಿಕದ ದಾರಿಯಲ್ಲಿ ದೋಷವೂ ಇದೆ. ಒಬ್ಬನನ್ನು ಆರಿಸಿ ಅವನ ತಲೆ ಮೇಲೆ ಕೈಯಿಟ್ಟರೆ ಉಳಿದ ಸಣ್ಣವರು ಏನು ಮಾಡಬೇಕು? ನಮ್ಮ ಯೋಜನೆಯಲ್ಲಿ ಸಣ್ಣವರಿಗೆ ಮೀಸಲಿಟ್ಟಿರುವುದು ಆ ಮಟ್ಟಿಗೆ ಮೇಲು.

ಬೆಲೆಗೆ ಬೆಂಬಲವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಲಾ ರೋಶೆಲ್ ಊರು ಸಾಕ್ಷಿ. 2010-11ರಲ್ಲಿ ಬೆಲೆ ಗಗನಕ್ಕೆ ಹೋದ ಮೇಲೆ ಸಾಲ್ವೆ ಕಂಪನಿ ಹಳೇ ದೀಪಗಳ ಪುಡಿಯಿಂದ ವಿರಳ ಲೋಹ ತೆಗೆಯುವ ಘಟಕವನ್ನು ಅಲ್ಲಿ ಶುರು ಮಾಡಿತು. ಬೆಲೆ ಕುಸಿಯಿತು. ಜನ ಎಲ್‌ಇಡಿ ದೀಪಕ್ಕೆ ಹೋದರು. 2016ಕ್ಕೆ ಆ ಕೆಲಸ ಮುಚ್ಚಿತು. ಅದಕ್ಕೆ ಒಂದು ವರ್ಷ ಮುಂಚೆ ಅಮೆರಿಕದ ಮೌಂಟನ್ ಪಾಸ್ ಗಣಿಯ ಆಗಿನ ಒಡೆಯ ಮಾಲಿಕಾರ್ಪ್ ಕೂಡ ದಿವಾಳಿ ಎದ್ದಿತ್ತು. 2025ರ ಏಪ್ರಿಲ್‌ನಲ್ಲಿ ಸಾಲ್ವೆ ಅದೇ ಲಾ ರೋಶೆಲ್‌ನಲ್ಲಿ ಮ್ಯಾಗ್ನೆಟ್‌ಗೆ ಬೇಕಾದ ವಿರಳ ಲೋಹದ ತಯಾರಿಕೆ ಶುರು ಮಾಡಿದೆ. ಈ ಸಲ ಅವರ ಹಿಂದೆ ಯುರೋಪಿನ ಹೊಸ ಕಾನೂನಿದೆ. 2030ಕ್ಕೆ ಆಯಕಟ್ಟಿನವು ಎಂದು ಯುರೋಪ್ ಗುರುತಿಸಿದ ಖನಿಜಗಳ ಬೇಡಿಕೆಯಲ್ಲಿ 25%ರಷ್ಟು ಮರುಬಳಕೆಯಿಂದ ಬರಬೇಕು ಎಂಬ ಗುರಿ ಅದರಲ್ಲಿದೆ.

ದೀಪಕ್ಕೆ ಆದದ್ದು ಮೋಟಾರಿಗೂ ಆಗಬಹುದು. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ವಿರಳ ಲೋಹವಿಲ್ಲದ ಫೆರೈಟ್ ಮೋಟಾರನ್ನು 2025ರಲ್ಲಿ ಮುಂದಿಟ್ಟಿತು. ಬೆಂಗಳೂರಿನದೇ ಚಾರಾ ಟೆಕ್ನಾಲಜೀಸ್ ಮ್ಯಾಗ್ನೆಟ್ಟೇ ಬೇಡದ ಮೋಟಾರಿನ ಕೆಲಸದಲ್ಲಿದೆ. ಚೀನಾದ ಬೇಲಿ ಮರುಬಳಕೆಯವರಿಗೆ ಬೇಡಿಕೆ ತಂದಿತು. ಅದೇ ಬೇಲಿ ಮ್ಯಾಗ್ನೆಟ್ಟನ್ನೇ ಬಿಟ್ಟುಬಿಡುವ ಎಂಜಿನಿಯರ್‌ಗಳಿಗೂ ಹುರುಪು ತಂದಿತು. ಸಬ್ಸಿಡಿ ಅರ್ಜಿಯಲ್ಲಿ ಹತ್ತು ವರ್ಷದ ಬೇಡಿಕೆಯ ಚಿತ್ರ ಬರೆಯುವವರು ಈ ಎರಡನ್ನೂ ಬರೆಯಬೇಕು. ಬರೆಯುತ್ತಾರೋ ಇಲ್ಲವೋ.

ಇನ್ನು ದೇಶದ ಗುಜರಿ ದೊಡ್ಡದಾಗಿ ಬರುವುದು ಯಾವಾಗ? ಎಲೆಕ್ಟ್ರಿಕ್ ಸ್ಕೂಟರ್ ನಮ್ಮ ರಸ್ತೆಗಳಲ್ಲಿ ತುಂಬಿಕೊಂಡಿದ್ದು 2021-22ರ ನಂತರ. 2024-25ರಲ್ಲಿ ಒಂದೇ ವರ್ಷ 11 ಲಕ್ಷಕ್ಕೂ ಜಾಸ್ತಿ ಎಲೆಕ್ಟ್ರಿಕ್ ದ್ವಿಚಕ್ರ ವಾಹನ ಮಾರಾಟವಾದವು. ಒಂದರಲ್ಲಿ ಅರ್ಧ ಕೆಜಿ ಮ್ಯಾಗ್ನೆಟ್ ಇದೆ ಎಂದುಕೊಂಡರೂ ಆ ಒಂದು ವರ್ಷದ ಗಾಡಿಗಳಲ್ಲಿ 550 ಟನ್. ಹಾರ್ಡ್‌ಡಿಸ್ಕಿನ ಹಾಗೆ ಒದ್ದಾಡಬೇಕಿಲ್ಲ, ಮೋಟಾರ್ ಒಂದೇ ಕಡೆ ಸಿಗುತ್ತದೆ. ಆದರೆ ಆ ಗಾಡಿಗಳು ಎಂಟು-ಹತ್ತು ವರ್ಷವಾದರೂ ಓಡುತ್ತವೆ. ಕಂತು ಕಟ್ಟಿ ಕೊಂಡವರು ಅಷ್ಟು ಬೇಗ ಗುಜರಿಗೆ ಹಾಕುತ್ತಾರಾ? 2033, 2034ರ ಹೊತ್ತಿಗೆ ಅವು ಒಂದೊಂದಾಗಿ ಗುಜರಿ ಅಂಗಡಿಗೆ ಬರತೊಡಗಬಹುದು. 1,500 ಕೋಟಿಯ ಯೋಜನೆ 2031ರ ಮಾರ್ಚ್‌ಗೆ ಮುಗಿಯುತ್ತದೆ.